ಮಲೇರಿಯಾದಲ್ಲಿ ಗೆದ್ದ ಕಾರ್ಡ್ ಟೆಸ್ಟ್ ಡೆಂಗಿಯಲ್ಲಿ ಏಕೆ ದಾರಿ ತಪ್ಪುತ್ತಿದೆ?

ಮಳೆಗಾಲ ಹಿಂದೆ ಸರಿದು, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಭತ್ತದ ಗದ್ದೆಗಳಲ್ಲಿ ನಿಂತಿರುವ ತಿಂಗಳುಗಳು ಈ ಭಾಗದಲ್ಲಿ ಜ್ವರದ ತಿಂಗಳುಗಳೂ ಹೌದು. ಕಾಲುವೆ, ಹಳ್ಳ, ಗದ್ದೆಯ ನೀರಿನಲ್ಲಿ ಮಲೇರಿಯಾದ ಸೊಳ್ಳೆ ಬೆಳೆಯುತ್ತದೆ. ನಲ್ಲಿ ನೀರು ದಿನ ಬಿಟ್ಟು ದಿನವೂ ಬಾರದ ಊರುಗಳಲ್ಲಿ ಜನ ಅನಿವಾರ್ಯವಾಗಿ ತುಂಬಿಟ್ಟುಕೊಳ್ಳುವ ಬ್ಯಾರಲ್, ಸಿಮೆಂಟ್ ತೊಟ್ಟಿಗಳಲ್ಲಿ ಡೆಂಗಿಯ ಸೊಳ್ಳೆ ಬೆಳೆಯುತ್ತದೆ. ಎರಡೂ ರೋಗಗಳನ್ನು ಪತ್ತೆ ಮಾಡಲು ಬೆರಳುದ್ದದ ಪಟ್ಟಿಗಳಿವೆ. ಜನರ ಬಾಯಲ್ಲಿ ಅವು ‘ಕಾರ್ಡ್ ಟೆಸ್ಟ್’. ಮಲೇರಿಯಾದ ಕಾರ್ಡ್ ಆಶಾ ಕಾರ್ಯಕರ್ತೆಯ ಚೀಲದಲ್ಲಿರುತ್ತದೆ, ಡೆಂಗಿಯ ಕಾರ್ಡ್ ಬಹುಮಟ್ಟಿಗೆ ತಾಲ್ಲೂಕು ಕೇಂದ್ರದ ಖಾಸಗಿ ಲ್ಯಾಬಿನ ಮೇಜಿನ ಮೇಲಿರುತ್ತದೆ. ತಂತ್ರಜ್ಞಾನ ಒಂದೇ ಆದರೂ ಮೊದಲನೆಯದರಿಂದ ಜನರಿಗೆ ಸಿಕ್ಕ ಪ್ರಯೋಜನ ಎರಡನೆಯದರಿಂದ ಸಿಕ್ಕಿಲ್ಲ. ಗೆರೆ ಮೂಡಿದ ಮೇಲೆ ಯಾರು ಏನು ಮಾಡಬೇಕು ಎಂಬುದು ಮಲೇರಿಯಾದಲ್ಲಿ ಮೊದಲೇ ಗೊತ್ತುಪಡಿಸಿದ ವಿಷಯ. ಡೆಂಗಿಯಲ್ಲಿ ಅದನ್ನು ಲ್ಯಾಬು, ಔಷಧ ಅಂಗಡಿ ಮತ್ತು ರೋಗಿಯ ಭಯ ಮೂರೂ ಸೇರಿ ತೀರ್ಮಾನಿಸುತ್ತಿವೆ. ಅಗ್ಗದ ಕಾಗದದ ಪರೀಕ್ಷೆಗಳ ಬಗ್ಗೆ ಮಾತಾಡುವಾಗ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ.

ಪಟ್ಟಿ ಕೆಲಸ ಮಾಡುವ ರೀತಿಯನ್ನು ಮೊದಲು ಹತ್ತಿರದಿಂದ ನೋಡೋಣ. ಮಲೇರಿಯಾ ಕಿಟ್‌ನ ಅಲ್ಯೂಮಿನಿಯಂ ಲಕೋಟೆ ಹರಿದರೆ ಒಳಗೆ ಪ್ಲಾಸ್ಟಿಕ್ ಕವಚದ ಒಂದು ಪಟ್ಟಿ ಮತ್ತು ತೇವ ಹೀರುವ ಸಿಲಿಕಾ ಜೆಲ್‌ನ ಪುಟ್ಟ ಪೊಟ್ಟಣ ಸಿಗುತ್ತವೆ. ಬೆರಳ ತುದಿಗೆ ಚುಚ್ಚಿ, ಸಾಮಾನ್ಯವಾಗಿ 5 ಮೈಕ್ರೋಲೀಟರ್, ಅಂದರೆ ಒಂದು ಹನಿಗಿಂತಲೂ ಬಹಳ ಕಡಿಮೆ ರಕ್ತವನ್ನು ಪಟ್ಟಿಯ ಸಣ್ಣ ಗುಳಿಗೆ ಮುಟ್ಟಿಸಿ, ಪಕ್ಕದ ಗುಳಿಗೆ ಬಫರ್ ದ್ರಾವಣದ ಹನಿಗಳನ್ನು ಎಣಿಸಿ ಹಾಕುತ್ತಾರೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ನೈಟ್ರೋಸೆಲ್ಯುಲೋಸ್ ಎಂಬ ಕಾಗದದಂಥ ಪದರ ಆ ದ್ರವವನ್ನು ತಾನಾಗಿಯೇ ಮುಂದಕ್ಕೆ ಎಳೆದುಕೊಳ್ಳುತ್ತದೆ. ವಿದ್ಯುತ್ತು, ಪಂಪು, ಯಂತ್ರ ಯಾವುದೂ ಬೇಡ. ದಾರಿಯಲ್ಲಿ ಒಣಗಿಸಿಟ್ಟ ಪ್ರತಿಕಾಯಗಳು, ಅಂದರೆ ಗೊತ್ತಾದ ಒಂದು ವಸ್ತುವಿಗೆ ಮಾತ್ರ ಅಂಟಿಕೊಳ್ಳುವ ಪ್ರೋಟೀನ್‌ಗಳಿರುತ್ತವೆ, ಅವುಗಳಿಗೆ ಚಿನ್ನದ ಅತಿಸೂಕ್ಷ್ಮ ಕಣಗಳನ್ನು ಅಂಟಿಸಿರುತ್ತಾರೆ. ರಕ್ತದಲ್ಲಿ ಮಲೇರಿಯಾ ಪರೋಪಜೀವಿಯ ಪ್ರೋಟೀನ್ ಇದ್ದರೆ ಅದು ಈ ಪ್ರತಿಕಾಯಕ್ಕೆ ಕಚ್ಚಿಕೊಂಡು ಮುಂದೆ ಹರಿಯುತ್ತದೆ. ಮುಂದೆ ಒಂದು ಗೆರೆಯಾಗಿ ಬಳಿದಿಟ್ಟ ಇನ್ನೊಂದು ಪ್ರತಿಕಾಯ ಅದನ್ನು ಹಿಡಿದು ನಿಲ್ಲಿಸುತ್ತದೆ. ಹಾಗೆ ನಿಂತ ಲಕ್ಷಾಂತರ ಚಿನ್ನದ ಕಣಗಳೇ ಕಣ್ಣಿಗೆ ಕೆಂಪು ಗೆರೆಯಾಗಿ ಕಾಣುತ್ತವೆ, ಏಕೆಂದರೆ ಅಷ್ಟು ಚಿಕ್ಕ ಗಾತ್ರದಲ್ಲಿ ಚಿನ್ನದ ಬಣ್ಣ ಹಳದಿಯಲ್ಲ, ಕೆಂಪು. ಇನ್ನೂ ಮುಂದಿರುವ ‘ಸಿ’ ಗೆರೆ, ಅಂದರೆ ನಿಯಂತ್ರಣ ಗೆರೆ, ರೋಗ ಇರಲಿ ಬಿಡಲಿ ಮೂಡಲೇಬೇಕು. ಅದು ಮೂಡದಿದ್ದರೆ ಪರೀಕ್ಷೆ ನಡೆದಿಲ್ಲವೆಂದೇ ಅರ್ಥ.

ಕಾಗದವನ್ನು ರೋಗಪತ್ತೆಗೆ ಬಳಸುವುದು ಹೊಸದೇನಲ್ಲ. ಮೂತ್ರದಲ್ಲಿನ ಸಕ್ಕರೆ ತೋರಿಸುವ ಅದ್ದುಪಟ್ಟಿ ಅಮೆರಿಕದಲ್ಲಿ 1956ರಲ್ಲೇ ಮಾರುಕಟ್ಟೆಗೆ ಬಂತು; ಅದನ್ನು ರೂಪಿಸಿದವರು ಹೆಲೆನ್ ಫ್ರೀ ಮತ್ತು ಆಲ್ಫ್ರೆಡ್ ಫ್ರೀ ದಂಪತಿ. ಮನೆಯಲ್ಲೇ ಗರ್ಭ ಪರೀಕ್ಷೆ ಮಾಡಿಕೊಳ್ಳುವ ಗೆರೆಯ ಪಟ್ಟಿ 1980ರ ದಶಕದ ಕೊನೆಯಲ್ಲಿ ಬಂತು, ನಮ್ಮ ಹಳ್ಳಿಗಳಿಗೆ ‘ನಿಶ್ಚಯ್’ ಕಿಟ್ ಆಗಿ ಆಶಾ ಕಾರ್ಯಕರ್ತೆಯರ ಮೂಲಕ ತಲುಪಿತು. 2007ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ಗುಂಪು ಸಾಮಾನ್ಯ ಕಾಗದದಲ್ಲಿಯೇ ನೀರು ದಾಟದ ಗೋಡೆಗಳನ್ನು ಮೂಡಿಸಿ, ಒಂದು ಹನಿಯನ್ನು ಹಲವು ಕವಲುಗಳಿಗೆ ಹರಿಸಿ ಏಕಕಾಲಕ್ಕೆ ಹಲವು ಪರೀಕ್ಷೆ ಮಾಡಬಹುದೆಂದು ತೋರಿಸಿದ ಮೇಲೆ ಈ ಕ್ಷೇತ್ರಕ್ಕೆ ಹೊಸ ಹುರುಪು ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಕ್ಷಯರೋಗವನ್ನು ಕಾಗದದ ಮೇಲೆಯೇ ಪತ್ತೆಹಚ್ಚುವ ಸಾಧನಗಳ ಮೇಲೆ ಸಂಶೋಧನೆ ನಡೆದಿದೆ. ಪ್ರಯೋಗಾಲಯದಲ್ಲಿ ಇವೆಲ್ಲ ಚೆನ್ನಾಗಿಯೇ ನಡೆಯುತ್ತವೆ. ತೊಡಕು ಹುಟ್ಟುವುದು ಪ್ರಯೋಗಾಲಯದಿಂದ ಆಚೆಗೆ.

ಮಲೇರಿಯಾದ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಿಂದೆ ಆರೋಗ್ಯ ಸಹಾಯಕರು ಮನೆಮನೆಗೆ ಬಂದು ಗಾಜಿನ ಪಟ್ಟಿಯ ಮೇಲೆ ರಕ್ತಲೇಪನ ತೆಗೆದುಕೊಂಡು ಹೋಗುತ್ತಿದ್ದರು; ಅದು ಪ್ರಾಥಮಿಕ ಆರೋಗ್ಯ ಕೇಂದ್ರದ ಸೂಕ್ಷ್ಮದರ್ಶಕದ ಕೆಳಗೆ ಬಂದು, ಫಲಿತಾಂಶ ಮತ್ತೆ ಊರಿಗೆ ಮುಟ್ಟುವಷ್ಟರಲ್ಲಿ ದಿನಗಳೇ ಕಳೆಯುತ್ತಿದ್ದವು. ಅಷ್ಟರವರೆಗೆ ಕಾಯಲಾಗದೆಂದು, ಜ್ವರ ಬಂದವರಿಗೆಲ್ಲ ಅಂದಾಜಿನ ಮೇಲೆ ಕ್ಲೋರೋಕ್ವಿನ್ ಮಾತ್ರೆ ಕೊಡುವ ಪದ್ಧತಿಯಿತ್ತು. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಶಂಕಿತ ಮಲೇರಿಯಾದ ಪ್ರತಿ ಪ್ರಕರಣದಲ್ಲೂ ಮೊದಲು ಪರೀಕ್ಷೆ, ಆಮೇಲೆ ಔಷಧ ಎಂಬ ನಿಲುವನ್ನು ಸ್ಪಷ್ಟವಾಗಿ ಹೇಳಿತು. ಹಳ್ಳಿಯಲ್ಲಿ ಅದನ್ನು ಜಾರಿಗೆ ತರಲು ಸಾಧ್ಯವಾದದ್ದು ಈ ಪಟ್ಟಿಯಿಂದ. ಈಗ ಬಳಕೆಯಲ್ಲಿರುವ ಕಿಟ್ ಫ್ಯಾಲ್ಸಿಪೆರಮ್ ಮತ್ತು ವೈವ್ಯಾಕ್ಸ್ ಎಂಬ ಎರಡೂ ಬಗೆಯ ಮಲೇರಿಯಾವನ್ನು ಬೇರೆಬೇರೆ ಗೆರೆಗಳಲ್ಲಿ ತೋರಿಸುತ್ತದೆ. ಯಾವ ಗೆರೆ ಮೂಡಿದರೆ ಯಾವ ಔಷಧ ಎಂಬುದೂ ನಿಗದಿಯಾಗಿದೆ: ವೈವ್ಯಾಕ್ಸ್ ಆದರೆ ಮೂರು ದಿನ ಕ್ಲೋರೋಕ್ವಿನ್, ಜೊತೆಗೆ ಯಕೃತ್ತಿನಲ್ಲಿ ಅಡಗಿ ಕುಳಿತ ಪರೋಪಜೀವಿಯನ್ನು ಕೊಲ್ಲಲು 14 ದಿನ ಪ್ರೈಮಾಕ್ವಿನ್; ಫ್ಯಾಲ್ಸಿಪೆರಮ್ ಆದರೆ ಆರ್ಟಿಮಿಸಿನಿನ್ ಆಧಾರಿತ ಸಂಯೋಜಿತ ಚಿಕಿತ್ಸೆ. ಗರ್ಭಿಣಿಯರಿಗೆ, ಶಿಶುಗಳಿಗೆ ಪ್ರೈಮಾಕ್ವಿನ್ ಕೊಡಬಾರದೆಂಬ ಎಚ್ಚರಿಕೆಯೂ ಅದರ ಜೊತೆಗಿದೆ.

ನಮ್ಮ ಜಿಲ್ಲೆಗಳಿಗೆ ಇದು ಇನ್ನೂ ಒಂದು ಕಾರಣಕ್ಕೆ ಮುಖ್ಯ. ಬೇಸಿಗೆ ಬಂತೆಂದರೆ ರಾಯಚೂರು, ಕೊಪ್ಪಳದ ಹಳ್ಳಿಗಳಿಂದ, ತಾಂಡಾಗಳಿಂದ ಕುಟುಂಬಗಳೇ ಗುಳೆ ಹೋಗುತ್ತವೆ. ಬೆಂಗಳೂರು, ಗೋವಾ, ಮಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು ಹಬ್ಬಕ್ಕೋ ಬಿತ್ತನೆಗೋ ಊರಿಗೆ ಮರಳುವಾಗ ಕೆಲವರ ರಕ್ತದಲ್ಲಿ ಮಲೇರಿಯಾವೂ ಬರುತ್ತದೆ. ಮಂಗಳೂರು ಬಹುಕಾಲದಿಂದ ರಾಜ್ಯದಲ್ಲಿ ಮಲೇರಿಯಾ ಹೆಚ್ಚಿರುವ ನಗರಗಳಲ್ಲಿ ಒಂದು. ಹೀಗೆ ಬಂದ ಒಬ್ಬ ರೋಗಿಯನ್ನು ಬಂದ ವಾರದಲ್ಲೇ ಗುರುತಿಸಿದರೆ ಊರು ಉಳಿಯುತ್ತದೆ, ಬಿಟ್ಟರೆ ಕಾಲುವೆ ಬದಿಯ ಸೊಳ್ಳೆಗಳು ಅದನ್ನು ಹರಡುತ್ತವೆ. 2027ರ ಹೊತ್ತಿಗೆ ದೇಶದೊಳಗೇ ಹರಡುವ ಮಲೇರಿಯಾ ಪ್ರಕರಣಗಳನ್ನು ಸೊನ್ನೆಗೆ ಇಳಿಸಿ, 2030ಕ್ಕೆ ರೋಗವನ್ನೇ ನಿರ್ಮೂಲನ ಮಾಡಬೇಕೆಂಬ ರಾಷ್ಟ್ರೀಯ ಗುರಿ ನಿಂತಿರುವುದು ಇಂಥ ಒಬ್ಬೊಬ್ಬ ರೋಗಿಯನ್ನು ಹುಡುಕುವ ಕೆಲಸದ ಮೇಲೆ.

ಈ ಪಟ್ಟಿಗೂ ಮಿತಿಗಳಿವೆ. ಫ್ಯಾಲ್ಸಿಪೆರಮ್ ಗೆರೆ ಹಿಡಿಯುವ ಎಚ್‌ಆರ್‌ಪಿ2 ಎಂಬ ಪ್ರೋಟೀನ್ ರೋಗ ವಾಸಿಯಾದ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಹೀಗಾಗಿ ಔಷಧ ಮುಗಿಸಿದವರಿಗೆ ‘ಗುಣವಾಯಿತೇ’ ಎಂದು ನೋಡಲು ಅದೇ ಕಾರ್ಡ್ ಹಾಕುವುದು ತಪ್ಪು. ಅಲ್ಲಿ ಸೂಕ್ಷ್ಮದರ್ಶಕವೇ ಬೇಕು. ರಕ್ತದಲ್ಲಿ ಪರೋಪಜೀವಿ ತೀರಾ ಕಡಿಮೆಯಿದ್ದರೆ ಗೆರೆ ಮೂಡುವುದಿಲ್ಲ. ಆದರೆ ಈ ಮಿತಿಗಳೆಲ್ಲ ಸರ್ಕಾರದ ಮಲೇರಿಯಾ ಕಾರ್ಯಕ್ರಮಕ್ಕೆ ಗೊತ್ತಿವೆ, ಬರೆದಿಟ್ಟಿವೆ, ತರಬೇತಿಯಲ್ಲಿ ಹೇಳಿಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2008ರಿಂದ ಒಂದು ದಶಕ ಕಾಲ ಹಲವು ಕಂಪನಿಗಳ ಮಲೇರಿಯಾ ಕಿಟ್‌ಗಳನ್ನು ಒಂದೇ ಮಾದರಿ ರಕ್ತಗಳ ಮೇಲೆ ಹೋಲಿಸಿ ಫಲಿತಾಂಶ ಪ್ರಕಟಿಸಿತು. ಕೊಳ್ಳುವ ಸರ್ಕಾರಗಳ ಕೈಯಲ್ಲಿ ಹೀಗೊಂದು ಅಳತೆಗೋಲು ಬಂತು.

ಈಗ ಡೆಂಗಿಗೆ ಬರೋಣ. ಡೆಂಗಿಗೆ ವೈರಾಣುವನ್ನೇ ಕೊಲ್ಲುವ ಮಾತ್ರೆಯಿಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್, ಸಾಕಷ್ಟು ದ್ರವಾಹಾರ, ಐಬುಪ್ರೊಫೇನ್, ಡೈಕ್ಲೋಫೆನಾಕ್, ಆಸ್ಪಿರಿನ್‌ನಂಥ ನೋವುನಿವಾರಕಗಳಿಂದ ದೂರವಿರುವುದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಅಪಾಯದ ಲಕ್ಷಣಗಳ ಮೇಲೆ ಕಣ್ಣಿಡುವುದು, ಇಷ್ಟೇ ಚಿಕಿತ್ಸೆ. ಅಪಾಯದ ಘಟ್ಟ ಸಾಮಾನ್ಯವಾಗಿ ಬರುವುದು ಜ್ವರ ಇಳಿಯುವ ಹೊತ್ತಿಗೆ, ಮೂರರಿಂದ ಏಳನೇ ದಿನದ ನಡುವೆ. ಮನೆಯವರು ‘ಜ್ವರ ಬಿಡ್ತು, ಇನ್ನೇನಿಲ್ಲ’ ಎಂದು ನಿರಾಳರಾಗುವ ದಿನವೇ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕವಿಯುವುದು ಕಾಣಿಸಿಕೊಳ್ಳಬಹುದು. ಹಾಗಾಗಿ ಕಾರ್ಡಿನ ಮೇಲಿನ ಗೆರೆ ಇಲ್ಲಿ ಔಷಧ ಸೂಚಿಸುವುದಿಲ್ಲ. ಯಾರನ್ನು, ಎಷ್ಟು ದಿನ, ಎಷ್ಟು ಹತ್ತಿರದಿಂದ ನೋಡಿಕೊಳ್ಳಬೇಕು ಎಂಬುದನ್ನಷ್ಟೇ ಸೂಚಿಸುತ್ತದೆ. ಈ ಮಾತನ್ನು ರೋಗಿಗೆ ಹೇಳುವವರು ಯಾರೂ ಇಲ್ಲದಿದ್ದರೆ ಗೆರೆಯಿಂದ ಹುಟ್ಟುವುದು ಗಾಬರಿ ಮಾತ್ರ. ‘ಡೆಂಗಿ ಐತ್ರೀ, ಪ್ಲೇಟ್‌ಲೆಟ್ ಇಳ್ದಾವ’ ಎಂಬ ಮಾತು ಕಿವಿಗೆ ಬಿದ್ದ ಕುಟುಂಬ ಸಾಲ ಮಾಡಿಯಾದರೂ ಕಾರು ಮಾಡಿಕೊಂಡು ಬಳ್ಳಾರಿಗೋ ರಾಯಚೂರಿಗೋ ಓಡುತ್ತದೆ, ಅಗತ್ಯವಿಲ್ಲದ ಸಲೈನ್ ಏರಿಸಿಕೊಳ್ಳುತ್ತದೆ, ದಿನಕ್ಕೆರಡು ಬಾರಿ ರಕ್ತ ಕೊಡುತ್ತದೆ. ಕೂಲಿಯೇ ಆಧಾರವಾದ ಮನೆಗೆ ಇದು ಒಂದು ಹಂಗಾಮಿನ ದುಡಿಮೆಯನ್ನೇ ನುಂಗುವ ಖರ್ಚು.

ಎರಡನೆಯ ತೊಡಕು ದಿನಗಳ ಲೆಕ್ಕದ್ದು. ಡೆಂಗಿ ಕಾರ್ಡುಗಳು ಹುಡುಕುವುದು ಎನ್‌ಎಸ್‌1, ಐಜಿಎಂ, ಐಜಿಜಿ ಎಂಬ ಮೂರು ಗುರುತುಗಳನ್ನು. ಎನ್‌ಎಸ್‌1 ವೈರಾಣುವಿನದೇ ಪ್ರೋಟೀನ್. ಅದು ಜ್ವರದ ಮೊದಲ ದಿನದಿಂದ ಸುಮಾರು ಐದನೇ ದಿನದವರೆಗೆ ಚೆನ್ನಾಗಿ ಸಿಗುತ್ತದೆ, ಹಿಂದೊಮ್ಮೆ ಡೆಂಗಿ ಬಂದವರಲ್ಲಿ ಇನ್ನೂ ಬೇಗ ಮಾಯವಾಗಬಹುದು. ಐಜಿಎಂ ನಮ್ಮ ದೇಹ ತಯಾರಿಸುವ ಪ್ರತಿಕಾಯ. ನಾಲ್ಕೈದು ದಿನವಾಗದೆ ಅದು ಕಾಣಿಸುವುದಿಲ್ಲ, ಕಾಣಿಸಿದ ಮೇಲೆ ಎರಡು ಮೂರು ತಿಂಗಳು ಉಳಿಯುತ್ತದೆ. ಐಜಿಜಿ ಇನ್ನೊಂದು ಬಗೆಯ ಪ್ರತಿಕಾಯ, ಅದು ಎಷ್ಟೋ ವರ್ಷಗಳ ಹಿಂದಿನ ಸೋಂಕಿನ ಗುರುತಾಗಿಯೂ ಇರಬಹುದು. ಅಂದರೆ ಎರಡನೇ ದಿನದ ಐಜಿಎಂ ನೆಗೆಟಿವ್‌ಗೆ ಅರ್ಥವಿಲ್ಲ, ಎಂಟನೇ ದಿನದ ಎನ್‌ಎಸ್‌1 ನೆಗೆಟಿವ್‌ಗೂ ಅರ್ಥವಿಲ್ಲ, ಐಜಿಜಿ ಒಂದೇ ಮೂಡಿದ ಕಾರ್ಡಿನಿಂದ ಈ ಜ್ವರ ಡೆಂಗಿಯೇ ಎಂದು ಹೇಳಲಾಗದು. ಹೀಗಿದ್ದೂ ಜ್ವರ ಬಂದು ಇಂದಿಗೆ ಎಷ್ಟನೇ ದಿನ ಎಂಬ ಒಂದು ಸಾಲು ಲ್ಯಾಬ್ ರಿಪೋರ್ಟಿನಲ್ಲಿ ಕಾಣುವುದು ಅಪರೂಪ. ಆ ಸಾಲಿಲ್ಲದ ಡೆಂಗಿ ಕಾರ್ಡ್ ರಿಪೋರ್ಟು ನನ್ನ ದೃಷ್ಟಿಯಲ್ಲಿ ಅಪೂರ್ಣ ರಿಪೋರ್ಟು.

ಮೂರನೆಯದು ಋತುವಿನ ಲೆಕ್ಕ, ಇದನ್ನು ವೈದ್ಯರೂ ಕೆಲವೊಮ್ಮೆ ಮರೆಯುತ್ತಾರೆ. ಡೆಂಗಿ ಇರುವ ನೂರು ಜನರಲ್ಲಿ 90 ಮಂದಿಯನ್ನು ಹಿಡಿಯುವ, ಡೆಂಗಿ ಇಲ್ಲದ ನೂರು ಜನರಲ್ಲಿ 95 ಮಂದಿಗೆ ಸರಿಯಾಗಿ ನೆಗೆಟಿವ್ ತೋರಿಸುವ ಒಂದು ಕಾರ್ಡ್ ಇದೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಡೆಂಗಿ ಜೋರಾಗಿರುವ ತಿಂಗಳಲ್ಲಿ ಜ್ವರದಿಂದ ಬಂದ ಸಾವಿರ ಜನರಲ್ಲಿ 300 ಮಂದಿಗೆ ನಿಜವಾಗಿ ಡೆಂಗಿಯಿದ್ದರೆ, ಕಾರ್ಡ್ 270 ನಿಜವಾದ ಪಾಸಿಟಿವ್ ಮತ್ತು 35 ಸುಳ್ಳು ಪಾಸಿಟಿವ್ ಕೊಡುತ್ತದೆ. ಪಾಸಿಟಿವ್ ಬಂದ ಹತ್ತರಲ್ಲಿ ಸುಮಾರು ಒಂಬತ್ತು ಸರಿ. ಅದೇ ಕಾರ್ಡನ್ನು ಡೆಂಗಿ ಅಪರೂಪವಾದ ತಿಂಗಳಲ್ಲಿ, ಸಾವಿರದಲ್ಲಿ 20 ಮಂದಿಗಷ್ಟೇ ರೋಗವಿರುವಾಗ ಬಳಸಿದರೆ 18 ನಿಜವಾದ ಪಾಸಿಟಿವ್‌ಗಳ ಜೊತೆ 49 ಸುಳ್ಳು ಪಾಸಿಟಿವ್‌ಗಳು ಬರುತ್ತವೆ. ಕಾರ್ಡ್ ಬದಲಾಗಿಲ್ಲ, ಕಂಪನಿ ಬದಲಾಗಿಲ್ಲ, ಆದರೆ ಪಾಸಿಟಿವ್ ಬಂದ ನಾಲ್ವರಲ್ಲಿ ಸುಮಾರು ಮೂವರಿಗೆ ಡೆಂಗಿಯೇ ಇಲ್ಲ. ಅವರಲ್ಲಿ ಯಾರಿಗೋ ಟೈಫಾಯ್ಡ್, ಯಾರಿಗೋ ಇಲಿಜ್ವರ, ಯಾರಿಗೋ ಮೂತ್ರದ ಸೋಂಕು ಇರಬಹುದು; ‘ಡೆಂಗಿ’ ಎಂಬ ಹೆಸರು ಸಿಕ್ಕಿತೆಂದು ಆ ಹುಡುಕಾಟ ಅಲ್ಲಿಗೇ ನಿಲ್ಲುವುದು ನಿಜವಾದ ಅಪಾಯ.

ಈ ಕಾರಣಗಳಿಂದಲೇ ಸೊಳ್ಳೆಯಿಂದ ಹರಡುವ ರೋಗಗಳನ್ನು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಡೆಂಗಿ ಖಚಿತಪಡಿಸಲು ಕಾರ್ಡ್ ಟೆಸ್ಟನ್ನು ಒಪ್ಪುವುದಿಲ್ಲ, ಎಲಿಸಾ ಎಂಬ ಪ್ರಯೋಗಾಲಯದ ರಕ್ತಪರೀಕ್ಷೆಯನ್ನೇ ಕೇಳುತ್ತದೆ. ಎಲಿಸಾಗೆ ಯಂತ್ರ ಬೇಕು, ತಂತ್ರಜ್ಞರು ಬೇಕು, ಹಲವು ಮಾದರಿಗಳನ್ನು ಒಟ್ಟುಗೂಡಿಸಿ ನಡೆಸಬೇಕು. ಹಾಗಾಗಿ ಅದು ಜಿಲ್ಲಾ ಮಟ್ಟದ ಪ್ರಯೋಗಾಲಯದಲ್ಲಿ ಮಾತ್ರ ನಡೆಯುತ್ತದೆ. ಕುಷ್ಟಗಿ ಅಥವಾ ದೇವದುರ್ಗದ ಹಳ್ಳಿಯೊಂದರ ರೋಗಿಯ ರಕ್ತ ಅಲ್ಲಿಗೆ ಹೋಗಿ ಉತ್ತರ ಬರುವ ಹೊತ್ತಿಗೆ ಅಪಾಯದ ಘಟ್ಟ ಕಳೆದಿರಬಹುದು. ಜನ ಕಾರ್ಡಿನ ಕಡೆಗೆ ಹೋಗುವುದು ಅಜ್ಞಾನದಿಂದ ಎಂದು ಹೇಳಿ ಕೈತೊಳೆದುಕೊಳ್ಳಲಾಗದು. ಅದೇ ದಿನ ಉತ್ತರ ಕೊಡುವ ಬೇರೆ ವ್ಯವಸ್ಥೆ ಅವರ ಕೈಗೆ ಸಿಗುತ್ತಿಲ್ಲ. 2024ರ ಜುಲೈನಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳಿಗೆ ದರ ಮಿತಿ ಹಾಕಿ, ಎಲಿಸಾ ಪರೀಕ್ಷೆ ಒಂದಕ್ಕೆ 300 ರೂಪಾಯಿ, ಕಾರ್ಡ್ ಟೆಸ್ಟಿಗೆ 250 ರೂಪಾಯಿ ಎಂದು ನಿಗದಿ ಮಾಡಿತು. ಅದು ಬೇಕಾಗಿದ್ದ ಕ್ರಮವೇ. ಆದರೆ ದರ ಮಿತಿಯಿಂದ ಪರೀಕ್ಷೆ ಅಗ್ಗವಾಯಿತೇ ಹೊರತು ಪರೀಕ್ಷೆಯ ಅರ್ಥ ಸ್ಪಷ್ಟವಾಗಲಿಲ್ಲ.

ದುರ್ಬಲ ಪರೀಕ್ಷೆಯನ್ನೂ ನಿಯಮದಿಂದ ಸರಿಯಾಗಿ ಬಳಸಬಹುದು ಎಂಬುದಕ್ಕೆ ಕೋವಿಡ್ ಕಾಲದಲ್ಲೇ ಉದಾಹರಣೆಯಿದೆ. 2020ರ ಜೂನ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರ‍್ಯಾಪಿಡ್ ಆ್ಯಂಟಿಜನ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟಾಗ, ಸೋಂಕಿತರನ್ನು ಹಿಡಿಯುವ ಅದರ ಶಕ್ತಿ ಶೇ 50.6ರಿಂದ ಶೇ 84ರವರೆಗೆ ಮಾತ್ರ ಎಂಬುದನ್ನು ಮುಚ್ಚಿಡದೆ ಪ್ರಕಟಿಸಿತು. ಪಾಸಿಟಿವ್ ಬಂದರೆ ನಂಬಿ, ಲಕ್ಷಣಗಳಿದ್ದೂ ನೆಗೆಟಿವ್ ಬಂದರೆ ಆರ್‌ಟಿಪಿಸಿಆರ್ ಮಾಡಿಸಿ ಎಂದು ಹೇಳಿತು. ಡೆಂಗಿ ಕಾರ್ಡಿನ ಜೊತೆ ಇಂಥ ಎರಡು ಸಾಲಿನ ಸೂಚನೆ ರೋಗಿಯ ಕೈಗೆ ಸಿಗುವುದೇ ಇಲ್ಲ.

ಎಚ್‌ಐವಿ ಪರೀಕ್ಷೆಯನ್ನು ನೋಡಿದರೆ ಈ ಮಾತು ಇನ್ನಷ್ಟು ಮನದಟ್ಟಾಗುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಒಂದು ಕಾಲಕ್ಕೆ ಎಚ್‌ಐವಿ ಹೆಚ್ಚಾಗಿ ಕಂಡ ಜಿಲ್ಲೆಗಳು. ಗರ್ಭಿಣಿಯರಿಗೆ ಹಳ್ಳಿಯ ಹತ್ತಿರದಲ್ಲೇ ಬೆರಳು ಚುಚ್ಚಿ ಮಾಡುವ ಮೊದಲ ಪರೀಕ್ಷೆ ಬರೀ ಶೋಧನೆ. ಅಲ್ಲಿ ಗೆರೆ ಮೂಡಿದರೂ ಯಾರೂ ‘ಪಾಸಿಟಿವ್’ ಎಂದು ಬರೆಯುವಂತಿಲ್ಲ. ಬೇರೆ ಬೇರೆ ತತ್ತ್ವದ ಮೂರು ಕಿಟ್‌ಗಳಲ್ಲಿ ಫಲಿತಾಂಶ ಒಂದೇ ಆದಾಗ ಮಾತ್ರ ಸಮಾಲೋಚನಾ ಕೇಂದ್ರ ವರದಿ ಕೊಡುತ್ತದೆ, ಪರೀಕ್ಷೆಯ ಮುಂಚೆಯೂ ಆಮೇಲೂ ಆಪ್ತ ಸಮಾಲೋಚಕರು ಮಾತಾಡುತ್ತಾರೆ, ಅಲ್ಲಿಂದ ನೇರವಾಗಿ ಎಚ್‌ಐವಿಗೆ ಔಷಧ ಕೊಡುವ ಎಆರ್‌ಟಿ ಕೇಂದ್ರಕ್ಕೆ ದಾರಿಯಿದೆ. ತಾಯಿಯಿಂದ ಮಗುವಿಗೆ ಸೋಂಕು ದಾಟದಂತೆ ತಡೆಯಲು ಸಾಧ್ಯವಾದದ್ದು ಈ ಇಡೀ ಸರಪಳಿಯಿಂದ. ಅದರ ಒಂದು ಕೊಂಡಿ ಮಾತ್ರ ಕಾಗದದ್ದು.

ಇನ್ನು ಬಿಸಿಲು. ನಮ್ಮ ಭಾಗದ ಮಟ್ಟಿಗೆ ಇದು ಸಣ್ಣ ಮಾತಲ್ಲ. ಹಲವು ಡೆಂಗಿ ಕಾರ್ಡುಗಳ ಮೇಲೆ 30 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಿ ಎಂದೂ, ಮಲೇರಿಯಾ ಕಿಟ್‌ಗಳ ಮೇಲೆ ಸಾಮಾನ್ಯವಾಗಿ 40 ಡಿಗ್ರಿವರೆಗೆ ಇಡಬಹುದೆಂದೂ ಮುದ್ರಿಸಿರುತ್ತಾರೆ. ರಾಯಚೂರು, ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನ ತಾಪಮಾನವೇ 40 ದಾಟುವುದು ವಾಡಿಕೆ. ತಗಡಿನ ಮಾಡಿನ ಕೋಣೆ, ನಿಲ್ಲಿಸಿದ ಜೀಪು, ಸ್ಕೂಟರಿನ ಡಿಕ್ಕಿಯೊಳಗಿನ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ಪ್ರತಿಕಾಯಗಳೂ ಪ್ರೋಟೀನ್‌ಗಳೇ ಆದ್ದರಿಂದ ಬಿಸಿಯಲ್ಲಿ ಅವು ಕೆಡುತ್ತವೆ. ಕೆಟ್ಟಿರುವುದು ಕಣ್ಣಿಗೆ ಕಾಣುವುದಿಲ್ಲ ಎಂಬುದು ಎಲ್ಲರೂ ತಿಳಿದಿರಬೇಕಾದ ಸೂಕ್ಷ್ಮ. ‘ಸಿ’ ಗೆರೆ ಮೂಡಿದರೆ ಕಾರ್ಡ್ ಸರಿಯಿದೆ ಎಂದು ಬಹಳ ಜನ ನಂಬುತ್ತಾರೆ. ಆ ಗೆರೆ ಹೇಳುವುದು ದ್ರವ ಕೊನೆವರೆಗೆ ಹರಿದಿದೆ, ಬಣ್ಣದ ಕಣಗಳು ಬಿಟ್ಟುಕೊಂಡಿವೆ ಎಂಬುದನ್ನು ಮಾತ್ರ. ರೋಗ ಹಿಡಿಯಬೇಕಾದ ‘ಟಿ’ ಗೆರೆಯ ಪ್ರತಿಕಾಯ ಜೀವಂತವಾಗಿದೆಯೇ ಎಂಬುದನ್ನು ಅದು ಹೇಳಲಾರದು. ಬಿಸಿಗೆ ಕೆಟ್ಟ ಕಾರ್ಡ್ ರೋಗವಿದ್ದವರಿಗೂ ಅಚ್ಚುಕಟ್ಟಾಗಿ ನೆಗೆಟಿವ್ ತೋರಿಸಬಲ್ಲದು.

ಬಳಕೆಯಲ್ಲಿ ಆಗುವ ಉಳಿದ ತಪ್ಪುಗಳನ್ನು ತರಬೇತಿಯಿಂದ ತಿದ್ದಬಹುದು. ಲಕೋಟೆಯನ್ನು ಮೊದಲೇ ಹರಿದಿಟ್ಟರೆ ಪಟ್ಟಿ ತೇವ ಹೀರುತ್ತದೆ. ಒಂದು ಕಂಪನಿಯ ಬಫರನ್ನು ಇನ್ನೊಂದರ ಪಟ್ಟಿಗೆ ಹಾಕಬಾರದು. ಹೇಳಿದ 15 ಅಥವಾ 20 ನಿಮಿಷಕ್ಕೆ ಮುಂಚೆ ಓದಿದರೆ ಗೆರೆ ಇನ್ನೂ ಮೂಡಿರುವುದಿಲ್ಲ, ಗಂಟೆ ಬಿಟ್ಟು ಓದಿದರೆ ಒಣಗಿದ ಪಟ್ಟಿಯಲ್ಲಿ ಇಲ್ಲದ ಗೆರೆ ಕಾಣಬಹುದು. ಸರಿಯಾದ ಹೊತ್ತಿಗೆ ಮೂಡಿದ ‘ಟಿ’ ಗೆರೆ ಎಷ್ಟೇ ಮಸುಕಾಗಿದ್ದರೂ ಪಾಸಿಟಿವ್ ಎಂದೇ ಎಣಿಸಬೇಕು.

ರೋಗಿಯ ರಕ್ತಕ್ಕೆ ಸಂಬಂಧಿಸದಿದ್ದರೂ ಇಲ್ಲಿ ಹೇಳಲೇಬೇಕಾದ ಇನ್ನೊಂದು ಕಾಗದವಿದೆ. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲಿ, ಮರುವರ್ಷ ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿಭೇದಿಗೆ ತುತ್ತಾದರು, ಸಾವುಗಳೂ ಆದವು. ನೀರಿಗೆ ಮಲದ ಸೋಂಕು ತಗಲಿದೆಯೇ ಎಂದು ನೋಡುವ ಹೈಡ್ರೋಜನ್ ಸಲ್ಫೈಡ್ ಪಟ್ಟಿ ಪರೀಕ್ಷೆ ನಮ್ಮ ದೇಶದಲ್ಲೇ, ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದಲ್ಲಿ ರೂಪುಗೊಂಡು 1982ರಲ್ಲಿ ಪ್ರಕಟವಾಯಿತು. ಪೋಷಕ ದ್ರಾವಣ ಒಣಗಿಸಿದ ಕಾಗದವಿರುವ ಶೀಶೆಗೆ ನೀರು ತುಂಬಿಟ್ಟರೆ, ಸೋಂಕಿದ್ದಲ್ಲಿ ಒಂದೆರಡು ದಿನದಲ್ಲಿ ಅದು ಕಪ್ಪಾಗುತ್ತದೆ. ಶಾಲೆಯ ಮಕ್ಕಳೂ ಮಾಡಬಹುದಾದ ಪರೀಕ್ಷೆ ಇದು. ಆದರೆ ಶೀಶೆ ಕಪ್ಪಾದ ದಿನ ನೀರು ಬಿಡುವುದನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ, ಅಂದು ಊರಿಗೆ ಬೇರೆ ನೀರು ಎಲ್ಲಿಂದ ಬರುತ್ತದೆ ಎಂಬುದು ಪಂಚಾಯಿತಿ ಮಟ್ಟದಲ್ಲಿ ಮೊದಲೇ ತೀರ್ಮಾನವಾಗಿರದಿದ್ದರೆ ಕಪ್ಪು ಬಣ್ಣದಿಂದ ಯಾರ ಹೊಟ್ಟೆಯೂ ಉಳಿಯದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಲ್ಲಿ ರಾಷ್ಟ್ರೀಯ ಅತ್ಯಗತ್ಯ ರೋಗಪತ್ತೆ ಪರೀಕ್ಷೆಗಳ ಪಟ್ಟಿಯನ್ನು ಹೊರತಂದು, ಹಳ್ಳಿ, ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ಜಿಲ್ಲಾ ಆಸ್ಪತ್ರೆ ಎಂದು ಹಂತವಾರು ಯಾವ ಪರೀಕ್ಷೆ ಎಲ್ಲಿ ಸಿಗಬೇಕೆಂದು ಹೇಳಿತು. ಆ ಪಟ್ಟಿಯನ್ನು ಬಳ್ಳಾರಿ, ರಾಯಚೂರು, ಕೊಪ್ಪಳ ಎಂಬ ನಮ್ಮ ಮೂರು ಜಿಲ್ಲೆಗಳಿಗೆ ತಕ್ಕಂತೆ ತರಲು ದೊಡ್ಡ ಹಣವೇನೂ ಬೇಕಾಗಿಲ್ಲ. ಉಪಕೇಂದ್ರಗಳಲ್ಲಿ ಕಿಟ್ ಇಡುವ ಪೆಟ್ಟಿಗೆಯ ಪಕ್ಕ ಒಂದು ತಾಪಮಾಪಕ ತೂಗುಹಾಕಿ, ಮಾರ್ಚ್‌ನಿಂದ ಜೂನ್‌ವರೆಗೆ ದಿನವೂ ಮಧ್ಯಾಹ್ನದ ತಾಪ ಬರೆದಿಡಬಹುದು. 40 ದಾಟಿದ ಕೋಣೆಯಲ್ಲಿ ಉಳಿದ ಬ್ಯಾಚಿನ ಕೆಲವು ಕಾರ್ಡುಗಳನ್ನು ಮಳೆಗಾಲಕ್ಕೆ ಮುಂಚೆ ಮರುಪರೀಕ್ಷೆಗೆ ಕಳುಹಿಸಬಹುದು. ಬೇಸಿಗೆಯಲ್ಲಿ ಉಳಿಕೆ ದಾಸ್ತಾನನ್ನು ಲಸಿಕೆ ಶೀತಲಪೆಟ್ಟಿಗೆ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರದ ತಂಪು ಕೋಣೆಗೆ ತಂದಿಟ್ಟು, ವಾರಕ್ಕೆ ಬೇಕಾದಷ್ಟನ್ನೇ ಆಶಾ ಕಾರ್ಯಕರ್ತೆಯರಿಗೆ ಕೊಡುವುದು ಇನ್ನೂ ಸುಲಭ. ಶೀತಲಪೆಟ್ಟಿಗೆಯೊಳಗೆ ಹೆಪ್ಪುಗಟ್ಟದಂತೆ ಮಾತ್ರ ನೋಡಿಕೊಳ್ಳಬೇಕು.

ಡೆಂಗಿ ಕಾರ್ಡಿನ ವಿಷಯದಲ್ಲಿ ಮೊದಲ ಹೆಜ್ಜೆ ಜಿಲ್ಲೆಯಲ್ಲೇ ಇಡಬಹುದಾದದ್ದು. ಖಾಸಗಿ ಲ್ಯಾಬುಗಳು ನೋಂದಣಿಯಾಗುವುದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರದಲ್ಲಿ. ಪ್ರತಿ ಕಾರ್ಡ್ ಟೆಸ್ಟ್ ರಿಪೋರ್ಟಿನಲ್ಲಿ ಜ್ವರದ ಎಷ್ಟನೇ ದಿನ, ಕಿಟ್‌ನ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇರಲೇಬೇಕು. ಇದು ಶೋಧನಾ ಪರೀಕ್ಷೆಯಷ್ಟೇ, ಖಚಿತಪಡಿಸಲು ಎಲಿಸಾ ಬೇಕು ಎಂಬ ಸಾಲು ಕನ್ನಡದಲ್ಲಿ ಇರಬೇಕು. ಅದರ ಕೆಳಗೆ ಯಾವ ಯಾವ ಲಕ್ಷಣ ಕಂಡರೆ ತಕ್ಷಣ ಆಸ್ಪತ್ರೆಗೆ ಬರಬೇಕೆಂಬುದನ್ನು ಅಚ್ಚು ಹಾಕಿರಬೇಕು. ಪಾಸಿಟಿವ್ ಬಂದವರ ವಿವರ ಅದೇ ದಿನ ಆ ಊರಿನ ಆರೋಗ್ಯ ಸಿಬ್ಬಂದಿಗೆ ಮುಟ್ಟಿದರೆ, ಜ್ವರ ಬಿಟ್ಟ ಮೇಲಿನ ಎರಡು ದಿನ ಮನೆಗೆ ಹೋಗಿ ನೋಡುವುದಕ್ಕೂ, ಸುತ್ತಲಿನ ಬ್ಯಾರಲ್‌ಗಳ ಲಾರ್ವಾ ನಾಶಕ್ಕೂ ಅವಕಾಶವಾಗುತ್ತದೆ. ಮುಂದಿನ ಜ್ವರದ ಹಂಗಾಮಿಗೆ ಮುಂಚೆ ಇಂಥ ಆದೇಶ ಹೊರಡಿಸಲು ಮೂರೂ ಜಿಲ್ಲೆಗಳ ಪ್ರಾಧಿಕಾರಗಳಿಗೆ ಸಮಯವಿದೆ.